ಡಯಾಪರ್ ಬಿಡಿಸುವ ಮೊದಲು: ಮಗು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ?

ನನ್ನ ಮಗಳಿಗೆ 20 ತಿಂಗಳು ತುಂಬಿದ ವಾರವೇ ಪಾಟಿ, ಅಂದರೆ ಮಕ್ಕಳು ಕೂತು ಸುಸು-ಕಕ್ಕ ಮಾಡುವ ಪುಟ್ಟ ಆಸನ, ತಂದಿಟ್ಟೆ. ಅವಳದೇ ವಯಸ್ಸಿನ ಇನ್ನೊಂದು ಮಗು ಡಯಾಪರ್ ಬಿಟ್ಟಿದೆ ಎಂದು ಕೇಳಿದ್ದೆ, ನಮ್ಮದೂ ಬಿಡಲಿ ಎಂದುಕೊಂಡೆ. ನನ್ನ ಲೆಕ್ಕ ಅಷ್ಟೇ ಇತ್ತು. ದಿನಕ್ಕೆ ಆರೇಳು ಸಲ ಕೂರಿಸುತ್ತಿದ್ದೆ, ಕಥೆ ಹೇಳುತ್ತಿದ್ದೆ, ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸುತ್ತಿದ್ದೆ. ಅವಳು ಸುಮ್ಮನೆ ಕೂತಿರುತ್ತಿದ್ದಳು. ಎಬ್ಬಿಸಿದ ಐದೇ ನಿಮಿಷಕ್ಕೆ ಪರದೆಯ ಹಿಂದೆ ಹೋಗಿ ನಿಂತು ಚಡ್ಡಿಯಲ್ಲೇ ಮಾಡಿಕೊಳ್ಳುತ್ತಿದ್ದಳು. ಹಟ ಎಂದುಕೊಂಡು ದನಿ ಏರಿಸಿದೆ. ಎರಡನೆಯ ವಾರದ ಹೊತ್ತಿಗೆ ಅವಳು ಕಕ್ಕವನ್ನು ತಡೆಹಿಡಿಯತೊಡಗಿದಳು. ಮೂರು ದಿನಕ್ಕೊಮ್ಮೆ ಆಗುತ್ತಿತ್ತು, ಅದೂ ಅತ್ತು ಅತ್ತು. ಮಕ್ಕಳ ವೈದ್ಯರ ಹತ್ತಿರ ಹೋದಾಗ ಅವರು ಹೇಳಿದರು: "ಪಾಟಿಯನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ಮೊದಲು ಮಲ ಮೆತ್ತಗಾಗಲಿ, ಭಯ ಹೋಗಲಿ."

ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳಲ್ಲ, ಅದು ಹಟವಾಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಕಕ್ಕ ಬರುತ್ತಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಆದರೆ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ ಅದನ್ನು ಬಿಡುವುದು ಇನ್ನೂ ಅವಳ ಹಿಡಿತಕ್ಕೆ ಬಂದಿರಲಿಲ್ಲ. ಇವೆರಡು ಬೇರೆ ಬೇರೆ ಸಾಮರ್ಥ್ಯಗಳು. ಮೊದಲನೆಯದು ಬಂದಿತ್ತು, ಎರಡನೆಯದು ಬಂದಿರಲಿಲ್ಲ. ನಾಲ್ಕು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದಾಗ ಕಣ್ಣೀರಿಲ್ಲದೆ ಕೆಲಸ ಮುಗಿಯಿತು. ಮಗನ ಸರದಿ ಬಂದಾಗ ನಾನು ಕೂರಿಸುವುದಕ್ಕಿಂತ ಮೊದಲು ಕೆಲವು ವಾರ ನೋಡುವುದರಲ್ಲೇ ಕಳೆದೆ. ಹಾಗೆ ನೋಡುವುದು ಹೇಗೆ, ಏನನ್ನು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇಹದೊಳಗೆ ಏನು ಮಾಗಬೇಕು

ಎಳೆಯ ಕೂಸು ದಿನಕ್ಕೆ ಸುಮಾರು 20 ಬಾರಿ ಮೂತ್ರ ಮಾಡುತ್ತದೆ. ಮೂತ್ರಕೋಶ ತುಂಬಿ ಹಿಗ್ಗುತ್ತದೆ, ನರಗಳಿಗೆ ಸುದ್ದಿ ಹೋಗುತ್ತದೆ, ಗೋಡೆಯ ಸ್ನಾಯು ಹಿಂಡಿ ಖಾಲಿ ಮಾಡುತ್ತದೆ. ಮಗುವಿನ ಇಚ್ಛೆಗೆ ಅಲ್ಲಿ ಜಾಗವೇ ಇಲ್ಲ. ಎರಡನೆಯ ಮತ್ತು ಮೂರನೆಯ ವರ್ಷದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಸಾಗುತ್ತವೆ. ಮೂತ್ರಕೋಶ ದೊಡ್ಡದಾಗುತ್ತದೆ. ವೈದ್ಯರು ಬಳಸುವ ಸ್ಥೂಲ ಲೆಕ್ಕವೊಂದಿದೆ: ವಯಸ್ಸನ್ನು 30ರಿಂದ ಗುಣಿಸಿ ಅದಕ್ಕೆ 30 ಕೂಡಿಸಿದರೆ ಮಿಲಿಲೀಟರ್‌ನಲ್ಲಿ ಅದರ ಅಳತೆ ಸಿಗುತ್ತದೆ. ಅಂದರೆ 2 ವರ್ಷದ ಮಗುವಿಗೆ ಸುಮಾರು 90 ಮಿಲಿಲೀಟರ್, ಒಂದು ಪುಟ್ಟ ಲೋಟದಷ್ಟು. ಇನ್ನೊಂದು ಕಡೆ, "ತುಂಬಿದೆ" ಎಂಬ ಸುದ್ದಿ ಮೆದುಳಿನ ಮೇಲ್ಪದರದವರೆಗೆ ತಲುಪತೊಡಗುತ್ತದೆ. ಆಗ ಮಗುವಿಗೆ ಅದು ಒಂದು ಅನುಭವವಾಗಿ ತಿಳಿಯುತ್ತದೆ.

ತಿಳಿದರೆ ಸಾಲದು. ಮೂತ್ರ ಹೊರಬರುವ ದಾರಿಯಲ್ಲಿ ಎರಡು ಬಿಗಿಗಳಿವೆ. ಒಳಗಿನದು ತಾನಾಗಿ ಕೆಲಸ ಮಾಡುತ್ತದೆ, ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟ ಸ್ನಾಯುವಿನ ಉಂಗುರ. ಗುದದ್ವಾರದಲ್ಲೂ ಹೀಗೆಯೇ. ಹೊರಗಿನ ಉಂಗುರವನ್ನು ಬಿಗಿ ಹಿಡಿಯುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಬೇಕೆಂದಾಗ ಸಡಿಲ ಬಿಡುವುದು ಕಷ್ಟ, ಮತ್ತು ಅದು ನಿಧಾನವಾಗಿ ಬರುತ್ತದೆ. ಪಾಟಿಯ ಮೇಲೆ ಬರದದ್ದು ಎದ್ದ ಕೂಡಲೇ ಬರುವುದಕ್ಕೆ ಇದೇ ಕಾರಣ. ಕೂತಾಗ ದೊಡ್ಡವರ ಕಣ್ಣು ತನ್ನ ಮೇಲಿದೆ ಎಂಬ ಬಿಗುಪು ಇರುತ್ತದೆ, ಎದ್ದು ಆಟಕ್ಕಿಳಿದಾಗ ಮೈ ಹಗುರಾಗುತ್ತದೆ, ಉಂಗುರವೂ ಸಡಿಲವಾಗುತ್ತದೆ. ಅಲ್ಲಿ ನಿಮ್ಮನ್ನು ಕೆಣಕುವ ಉದ್ದೇಶ ಮಗುವಿಗೆ ಎಳ್ಳಷ್ಟೂ ಇಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಸಿಟ್ಟು ಅರ್ಧ ಇಳಿಯುತ್ತದೆ.

ವಯಸ್ಸಿನ ಬಗ್ಗೆ ಹೇಳುವುದಾದರೆ, ಸಿದ್ಧತೆಯ ಮೊದಲ ಸೂಚನೆಗಳು 18ರಿಂದ 24 ತಿಂಗಳ ನಡುವೆ ಕಾಣಿಸಿಕೊಳ್ಳುತ್ತವೆ. ಬಹುಪಾಲು ಮಕ್ಕಳು ನಿಜವಾಗಿ ಸಿದ್ಧವಾಗುವುದು 2ರಿಂದ 3 ವರ್ಷದ ನಡುವೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್ 1962ರಲ್ಲಿ 1,170 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಮಗು ತಾನೇ ಆಸಕ್ತಿ ತೋರಿದ ಮೇಲೆ ಅದರದೇ ವೇಗದಲ್ಲಿ ಕಲಿಸಿದಾಗ ಹಗಲಿನ ಹಿಡಿತ ಬಂದದ್ದು ಸರಾಸರಿ 28.5 ತಿಂಗಳಿಗೆ. 2002ರ ಇನ್ನೊಂದು ಅಧ್ಯಯನದಲ್ಲಿ ಒಂದೇ ಸಮನೆ ಎರಡು ಗಂಟೆ ಒಣಗಿರುವ ಶಕ್ತಿ ಹೆಣ್ಣುಮಕ್ಕಳಿಗೆ 26 ತಿಂಗಳ ಸುಮಾರಿಗೆ, ಗಂಡುಮಕ್ಕಳಿಗೆ 29 ತಿಂಗಳ ಸುಮಾರಿಗೆ ಬಂದಿತ್ತು. ಇವು ನಡುವಿನ ಅಂಕಿಗಳು. ಅರ್ಧದಷ್ಟು ಮಕ್ಕಳು ಇದಕ್ಕಿಂತ ಮುಂಚೆ, ಉಳಿದವರು ಆಮೇಲೆ. ಬೇಗ ಶುರು ಮಾಡಿದರೆ ಬೇಗ ಮುಗಿದೀತು ಎಂಬ ನನ್ನ ಹಳೆಯ ಲೆಕ್ಕವನ್ನು 2003ರ ಒಂದು ಅಧ್ಯಯನ ಸುಳ್ಳು ಮಾಡಿದೆ. 27 ತಿಂಗಳಿಗೆ ಮೊದಲೇ ಪಟ್ಟು ಹಿಡಿದು ಕಲಿಸಲು ಹೊರಟದ್ದರಿಂದ ಲಾಭವೇನೂ ಆಗಲಿಲ್ಲ, ಕಲಿಕೆಯ ಕಾಲ ಮಾತ್ರ ಉದ್ದವಾಯಿತು.

ಮೂರು ಮೆಟ್ಟಿಲು

ಪಟ್ಟಿ ಮಾಡಲು ಹೊರಟರೆ ಸಿದ್ಧತೆಯ ಲಕ್ಷಣಗಳು ಇಪ್ಪತ್ತಾದರೂ ಸಿಗುತ್ತವೆ. ಅವನ್ನೆಲ್ಲ ಒಂದೊಂದಾಗಿ ಗುರುತು ಹಾಕುತ್ತಾ ಕೂರುವುದು ಬೇಡ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದು: ಮಗುವಿಗೆ ಯಾವಾಗ ತಿಳಿಯುತ್ತದೆ?

ಮೊದಲ ಮೆಟ್ಟಿಲು, ಆದ ಮೇಲೆ ತಿಳಿಯುವುದು. ಡಯಾಪರ್ ಒದ್ದೆಯಾದ ಮೇಲೆ ಮಗು ಅದನ್ನು ಎಳೆಯುತ್ತದೆ, ಕಾಲು ಅಗಲಿಸಿ ನಡೆಯುತ್ತದೆ, ನಿಮ್ಮ ಹತ್ತಿರ ಬಂದು ತೋರಿಸುತ್ತದೆ, "ಛೀ" ಎನ್ನುತ್ತದೆ. ಇದು ಒಳ್ಳೆಯ ಸುದ್ದಿ. ಆದರೆ ಇದನ್ನು ನಂಬಿ ಪಾಟಿ ಹಿಡಿದು ಕೂರುವ ಕಾಲ ಇನ್ನೂ ಬಂದಿಲ್ಲ.

ಎರಡನೆಯದು, ಆಗುತ್ತಿರುವಾಗ ತಿಳಿಯುವುದು. ಓಡುತ್ತಿದ್ದ ಮಗು ತಟ್ಟನೆ ನಿಲ್ಲುತ್ತದೆ. ಆಟದ ಸಾಮಾನು ಕೈಯಲ್ಲೇ ಉಳಿಯುತ್ತದೆ, ನೋಟ ಎಲ್ಲೋ ನೆಡುತ್ತದೆ, ಮುಖ ಕೆಂಪಾಗುತ್ತದೆ, ಮೊಣಕಾಲು ತುಸು ಬಾಗುತ್ತದೆ. ಬಟ್ಟೆಯಿಲ್ಲದೆ ಇದ್ದಾಗ ಮೂತ್ರ ಹರಿಯುವುದನ್ನು ಬಗ್ಗಿ ನೋಡುತ್ತದೆ, ಇದು ತನ್ನಿಂದಲೇ ಬಂತೇ ಎಂಬ ಬೆರಗಿನಿಂದ. ಈ ಹಂತದಲ್ಲಿ ನಿಮ್ಮ ಕೆಲಸ ಹೆಸರು ಕೊಡುವುದು. "ಸುಸು ಬರುತ್ತಿದೆ, ಅಲ್ಲವೇ?" ಎಂದು ಮೆಲ್ಲಗೆ ಹೇಳಿ. ಮೈಯೊಳಗಿನ ಅನುಭವಕ್ಕೂ ಆ ಮಾತಿಗೂ ಗಂಟು ಬೀಳುವುದು ಆ ಗಳಿಗೆಯಲ್ಲೇ. ಎತ್ತಿಕೊಂಡು ಓಡುವುದು ಬೇಡ. ನಡುವೆ ಹಾಗೆ ಕಿತ್ತುಕೊಂಡರೆ ಮಗು ಬೆದರುತ್ತದೆ, ಮುಂದಿನ ಸಲ ನಿಮ್ಮ ಕಣ್ಣು ತಪ್ಪಿಸುತ್ತದೆ.

ಮೂರನೆಯದು, ಆಗುವ ಮೊದಲೇ ತಿಳಿಯುವುದು. ಮಗು ಮೂಲೆಗೋ ಮಂಚದ ಮಗ್ಗುಲಿಗೋ ಹೋಗುತ್ತದೆ. ಕಾಲು ಸೇರಿಸಿ ನಿಲ್ಲುತ್ತದೆ, ಕುಣಿಯುತ್ತದೆ, ಮುಂದೆ ಕೈಯಿಂದ ಹಿಡಿದುಕೊಳ್ಳುತ್ತದೆ, ನಿಮ್ಮನ್ನು ಕೋಣೆಯಿಂದ ಆಚೆ ತಳ್ಳುತ್ತದೆ, ಡಯಾಪರ್ ಹಾಕು ಎಂದು ತಾನೇ ಕೇಳುವುದೂ ಉಂಟು. ಈ ಮೆಟ್ಟಿಲು ಹತ್ತಿದ ಮಗುವಿನಲ್ಲಿ ತಿಳಿವಿಗೂ ಬಿಡುವುದಕ್ಕೂ ನಡುವೆ ಅರ್ಧ ನಿಮಿಷದ ಬಿಡುವು ಹುಟ್ಟಿದೆ. ನೀವು ಮಾಡಬಹುದಾದ ತರಬೇತಿಯೆಲ್ಲ ಆ ಅರ್ಧ ನಿಮಿಷದೊಳಗೇ ನಡೆಯುವುದು. ಅದಿಲ್ಲದೆ ನೀವು ಗಂಟೆ ನೋಡಿ ಕೂರಿಸಿ ಸಾಧಿಸುವುದೆಲ್ಲ ನಿಮಗೆ ನೀವೇ ಕೊಟ್ಟುಕೊಂಡ ತರಬೇತಿ; ಮಗುವಿನದಲ್ಲ. ಕೂಸಿನ ಸೂಚನೆ ಹಿಡಿದು ಹಸುಗೂಸಿನಿಂದಲೇ ಹೊತ್ತುಹೊತ್ತಿಗೆ ಮೂತ್ರ ಮಾಡಿಸುವ ರೂಢಿ ಇರುವ ಮನೆಗಳಿವೆ. ಅದು ತಪ್ಪೇನಲ್ಲ, ಮಗು ಖುಷಿಯಾಗಿದ್ದರೆ ಮುಂದುವರಿಸಬಹುದು. ಅಲ್ಲಿ ಸೂಚನೆ ಓದುತ್ತಿರುವುದು ದೊಡ್ಡವರು ಎಂಬುದು ನೆನಪಿರಲಿ. ಮಗು ತಾನೇ ತಿಳಿದು, ತಾನೇ ಹೇಳಿ, ತಾನೇ ಹೋಗುವ ದಿನ ಅದರದೇ ಕಾಲಕ್ಕೆ ಬರುತ್ತದೆ.

ಒಂದು ಮಾತು. ಮೂತ್ರಕ್ಕೂ ಮಲಕ್ಕೂ ಮೆಟ್ಟಿಲು ಬೇರೆ ಬೇರೆ ಇರಬಹುದು. ಕಕ್ಕದ ವಿಷಯದಲ್ಲಿ ಮೂರನೆಯದನ್ನು ಹತ್ತಿದ ಮಗು ಸುಸುವಿನಲ್ಲಿ ಇನ್ನೂ ಮೊದಲನೆಯದರಲ್ಲೇ ನಿಂತಿರುವುದು ಸಾಮಾನ್ಯ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಅಂದಾಜು ನಂಬಬೇಡಿ. ನೆನಪು ನಮಗೆ ಬೇಕಾದದ್ದನ್ನೇ ಹಿಡಿದುಕೊಳ್ಳುತ್ತದೆ. ಒಂದು ಹಾಳೆ ತೆಗೆದುಕೊಂಡು ಗಂಟೆಗೊಂದು ಗೆರೆ ಎಳೆಯಿರಿ. ಎಚ್ಚರವಿರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಡಯಾಪರ್ ಮುಟ್ಟಿ ನೋಡಿ ಒಣಗಿದೆಯೋ ಒದ್ದೆಯೋ ಬರೆಯಿರಿ. ಊಟದ ಹೊತ್ತು, ಮಲಗಿ ಎದ್ದ ಹೊತ್ತು, ಕಕ್ಕ ಮಾಡಿದ ಹೊತ್ತು, ಅದು ಮೆತ್ತಗಿತ್ತೋ ಗಟ್ಟಿಯೋ ಎಂಬುದೂ ಇರಲಿ. ಪಕ್ಕದಲ್ಲಿ ಒಂದು ಸಾಲು ಜಾಗ ಬಿಡಿ: ಮಾಡುವ ಮೊದಲು ಮಗು ಏನು ಮಾಡುತ್ತಿತ್ತು, ಎಲ್ಲಿಗೆ ಹೋಯಿತು?

ಇಲ್ಲೊಂದು ತೊಡಕಿದೆ. ಈಗಿನ ಬಿಸಾಡುವ ಡಯಾಪರ್‌ಗಳು ಒದ್ದೆಯನ್ನು ಹೀರಿ ಮೇಲ್ಮೈಯನ್ನು ಒಣಗಿಸಿಯೇ ಇಡುತ್ತವೆ. ಚರ್ಮಕ್ಕೆ ಅದು ಹಿತ. ಆದರೆ ತನಗೆ ಸುಸು ಆಯಿತು ಎಂಬ ಅರಿವೇ ಮಗುವಿಗೆ ಬಾರದಂತೆ ಅದು ಮರೆ ಮಾಡುತ್ತದೆ, ನಿಮಗೂ ಲೆಕ್ಕ ಸಿಗುವುದಿಲ್ಲ. ಹಾಗಾಗಿ ದಿನಕ್ಕೆ ಎರಡು ಮೂರು ಗಂಟೆ, ಒರೆಸಲು ಸುಲಭವಾದ ನೆಲವಿರುವ ಕಡೆ, ಹತ್ತಿಯ ಚಡ್ಡಿಯಲ್ಲಿ ಬಿಡಿ. ಇದು ತರಬೇತಿಯಲ್ಲ, ಪಾಟಿಯ ಸುದ್ದಿಯನ್ನೇ ಎತ್ತಬೇಡಿ. ಬರೀ ನೋಡಿ.

ವಾರದ ಕೊನೆಗೆ ಹಾಳೆ ಮಾತನಾಡತೊಡಗುತ್ತದೆ. ಪ್ರತಿ ಗಂಟೆಯ ಎದುರೂ "ಒದ್ದೆ" ಎಂದಿದ್ದರೆ ಮೂತ್ರಕೋಶ ಇನ್ನೂ ಸಣ್ಣದು ಅಥವಾ ತಡೆಯುವ ಬಿಗಿ ಬಂದಿಲ್ಲ. ಹಾಳೆ ಮಡಿಸಿಟ್ಟು ಆರು ವಾರದ ಮೇಲೆ ಮತ್ತೆ ನೋಡಿ. ದಿನದಲ್ಲಿ ಎರಡು ಮೂರು ಸಲವಾದರೂ ಎರಡು ಗಂಟೆ ಒಣಗಿದ್ದು ಆಮೇಲೆ ಒಮ್ಮೆಲೇ ತುಂಬ ಒದ್ದೆಯಾಗುತ್ತಿದ್ದರೆ, ಹಗಲಿನ ನಿದ್ದೆಯಿಂದ ಒಣಗಿಯೇ ಏಳುತ್ತಿದ್ದರೆ, ದೇಹ ತಯಾರಾಗುತ್ತಿದೆ. ಕಕ್ಕದ ಹೊತ್ತು ಹೆಚ್ಚುಕಡಿಮೆ ಒಂದೇ ಆಗಿದೆಯೇ ಎಂದೂ ನೋಡಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡಕರುಳು ಚುರುಕಾಗುವುದು ಸಹಜ. ಆದ್ದರಿಂದ ಬಹಳ ಮಕ್ಕಳಿಗೆ ಊಟವಾಗಿ ಅರ್ಧ ಗಂಟೆಯೊಳಗೆ ಬರುತ್ತದೆ. ಅದು ತಿಳಿದರೆ ಮುಂದೆ ಪಾಟಿಯ ಮೇಲೆ ಕೂರಿಸುವ ಹೊತ್ತನ್ನು ನೀವು ಊಹಿಸುವ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ಕೈಕಾಲು, ಮಾತು, ಮನಸ್ಸು

ಕೈಕಾಲಿನ ಸಿದ್ಧತೆ ನೋಡುವುದು ಸುಲಭ. ಮಗು ತಾನೇ ನಡೆದು ಹೋಗಿ ಕೂರಬಲ್ಲುದೇ, ಬೀಳದೆ ಒಂದೆರಡು ನಿಮಿಷ ಕೂತಿರಬಲ್ಲುದೇ, ಚಡ್ಡಿಯನ್ನು ಕೆಳಗೆ ತಳ್ಳಬಲ್ಲುದೇ? ಮೇಲಕ್ಕೆ ಏರಿಸುವುದು ಆಮೇಲೆ ಬರುತ್ತದೆ, ಅದಕ್ಕಾಗಿ ಕಾಯಬೇಕಿಲ್ಲ.

ಮಾತಿನ ವಿಷಯದಲ್ಲಿ ಮಗು ಪೂರ್ತಿ ವಾಕ್ಯ ಆಡಬೇಕೆಂದಿಲ್ಲ. ಮಾತು ತಡವಾದ ಮಕ್ಕಳೂ ಚೆನ್ನಾಗಿ ಕಲಿಯುತ್ತಾರೆ. ಬೇಕಾದದ್ದು ಒಂದು ಪದ, ಅಥವಾ ಒಂದು ಸನ್ನೆ. ಹೊಟ್ಟೆ ತಟ್ಟಿ ತೋರಿಸಿದರೂ ಸಾಕು. ಅದಕ್ಕಿಂತ ಮುಖ್ಯ, ನೀವು ಹೇಳಿದ್ದು ಅದಕ್ಕೆ ಅರ್ಥವಾಗುತ್ತದೆಯೇ ಎಂಬುದು. "ಚೆಂಡು ತೆಗೆದುಕೊಂಡು ಬುಟ್ಟಿಗೆ ಹಾಕು" ಎಂದರೆ ಎರಡೂ ಕೆಲಸ ಮಾಡುತ್ತದೆಯೇ? ಪಾಟಿಯ ಕೆಲಸ ಇದಕ್ಕಿಂತ ಉದ್ದದ ಸರಪಳಿ: ತಿಳಿಯಬೇಕು, ಆಟ ಬಿಡಬೇಕು, ನಡೆಯಬೇಕು, ಚಡ್ಡಿ ಇಳಿಸಬೇಕು, ಕೂರಬೇಕು, ಆಮೇಲೆ ಬಿಡಬೇಕು.

ಮನಸ್ಸಿನದು ಸೂಕ್ಷ್ಮ. ದೊಡ್ಡವರು ಬಚ್ಚಲಿಗೆ ಹೋದರೆ ಬೆನ್ನು ಹತ್ತುವುದು, ಗೊಂಬೆಯನ್ನು ಕೂರಿಸಿ ಸುಸು ಮಾಡಿಸುವ ಆಟ, "ನಾನೇ ಮಾಡುತ್ತೇನೆ" ಎಂಬ ಹುರುಪು, ಸಾಮಾನುಗಳನ್ನು ಅವುಗಳ ಜಾಗದಲ್ಲೇ ಇಡಬೇಕೆಂಬ ಪುಟ್ಟ ಶಿಸ್ತು, ನಿಮಗೆ ಮೆಚ್ಚುಗೆಯಾಗಲಿ ಎಂಬ ಆಸೆ ಇವೆಲ್ಲ ಒಳ್ಳೆಯ ಗುರುತುಗಳು. ಇದೇ ವಯಸ್ಸಿನಲ್ಲಿ ಎಲ್ಲದಕ್ಕೂ "ಬೇಡ" ಎನ್ನುವ ಕಾಲವೂ ಬರುತ್ತದೆ. ಅಂಗಿ ಬೇಡ, ಊಟ ಬೇಡ, ಸ್ನಾನ ಬೇಡ. ಆ ದಿನಗಳಲ್ಲಿ ಪಾಟಿಯನ್ನು ಮುಂದೆ ತಂದರೆ ಅದೂ ಒಂದು ಹೊಸ ರಣರಂಗವಾಗುತ್ತದೆ. ತಿನ್ನುವುದು ಮತ್ತು ವಿಸರ್ಜಿಸುವುದು, ಈ ಎರಡರಲ್ಲಿ ಮಗುವೇ ಯಾವತ್ತೂ ಗೆಲ್ಲುವುದು, ಅಲ್ಲಿ ಜಗಳಕ್ಕಿಳಿಯಬಾರದು. "ಬೇಡ"ದ ಭರ ಇಳಿಯುವವರೆಗೆ ಕೆಲವು ವಾರ ಕಾಯಿರಿ.

ಯಾವುದು ಗುರುತಲ್ಲ ಎಂಬುದನ್ನೂ ಹೇಳಬೇಕು. ಫ್ಲಶ್ ಒತ್ತುವ ಉತ್ಸಾಹ ಸಿದ್ಧತೆಯಲ್ಲ, ಅದು ನೀರಿನ ಆಟ. ಒಮ್ಮೆ ಅಕಸ್ಮಾತ್ ಪಾಟಿಯಲ್ಲಿ ಬಿದ್ದದ್ದು ಸಿದ್ಧತೆಯಲ್ಲ. ಅಕ್ಕ ಇದೇ ವಯಸ್ಸಿಗೆ ಕಲಿತಿದ್ದಳು ಎಂಬುದಂತೂ ಅಲ್ಲವೇ ಅಲ್ಲ. ಶಿಶುವಿಹಾರ ಸೇರಿಸಬೇಕು, ಅಲ್ಲಿ ಡಯಾಪರ್ ನಡೆಯುವುದಿಲ್ಲ ಎಂಬ ಒತ್ತಡ ನಿಜವಾದದ್ದೇ. ಆದರೆ ಆ ಗಡುವು ಮಗುವಿನ ಸ್ನಾಯುವಿಗೆ ಗೊತ್ತಿಲ್ಲ. ಅಂಥ ಕಡೆ ನಾಲ್ಕೈದು ತಿಂಗಳು ಮುಂಚೆಯೇ ಶಿಕ್ಷಕರೊಡನೆ ಮಾತನಾಡಿ, ಬದಲಿ ಬಟ್ಟೆ ಇಟ್ಟುಕೊಳ್ಳುವುದಕ್ಕೆ ಒಪ್ಪುತ್ತಾರೆಯೇ ಎಂದು ಕೇಳಿ.

ಎಲ್ಲ ಗುರುತುಗಳೂ ಬರಲಿ ಎಂದು ಕಾಯುತ್ತಾ ಕೂರುವುದೂ ಸರಿಯಲ್ಲ. ಮೂರನೆಯ ಮೆಟ್ಟಿಲಿನ ಸುಳಿವು ಸಿಕ್ಕಿ, ಎರಡು ಗಂಟೆ ಒಣಗಿರುವುದು ಕಂಡು, ಮಲ ಮೆತ್ತಗಿದ್ದರೆ ನಾನಂತೂ ತಡ ಮಾಡುವುದಿಲ್ಲ. ಆಸಕ್ತಿ ಇದ್ದಾಗ ಬಿಟ್ಟುಬಿಟ್ಟರೆ ಮಗುವಿಗೆ ಡಯಾಪರೇ ಅಭ್ಯಾಸವಾಗಿ, ಆಮೇಲೆ ಅದನ್ನು ಬಿಡುವುದಕ್ಕೆ ಬೇಸರಪಡಬಹುದು.

ಮೂರನೆಯ ಹೆಜ್ಜೆ: ಮನೆ ಸಿದ್ಧವಿದೆಯೇ?

ಮನೆಗೆ ಹೊಸ ಕೂಸು ಬರುವ ಮುಂಚಿನ ಅಥವಾ ಬಂದ ಮೇಲಿನ ಒಂದೆರಡು ತಿಂಗಳು, ಮನೆ ಬದಲಾಯಿಸುವಾಗ, ಮಗುವನ್ನು ನೋಡಿಕೊಳ್ಳುವವರು ಬದಲಾದಾಗ, ಜ್ವರ ಬಂದು ಬಿಟ್ಟ ವಾರ, ದೂರದ ಪ್ರಯಾಣದ ಮುಂಚೆ ಶುರು ಮಾಡಬೇಡಿ. ದೊಡ್ಡವರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು: ಮುಂದಿನ ಎರಡು ವಾರ ಒಬ್ಬರಾದರೂ ಆತುರವಿಲ್ಲದೆ ಮಗುವಿನ ಜೊತೆ ಇರಬಲ್ಲರೇ? ಹತ್ತನೆಯ ಸಲ ನೆಲ ಒರೆಸುವಾಗಲೂ ಮುಖ ಗಂಟಿಕ್ಕದೆ ಇರಬಲ್ಲರೇ? ಇಲ್ಲ ಎಂದಾದರೆ ಮುಂದೂಡುವುದೇ ಮಗುವಿಗೆ ಮಾಡುವ ಉಪಕಾರ. ಮನೆಯಲ್ಲಿ ಮಗುವಿನೊಡನೆ ಇರುವ ಎಲ್ಲರೂ ಒಂದೇ ಪದ, ಒಂದೇ ಕ್ರಮ ಬಳಸಬೇಕು. ಅಪ್ಪ ಒಂದು ಹೆಸರು, ಅಜ್ಜಿ ಇನ್ನೊಂದು ಹೆಸರು ಹೇಳಿದರೆ ಮಗುವಿಗೆ ಗೊಂದಲ. ಗದರಿಸಬಾರದು ಎಂಬುದನ್ನು ಎಲ್ಲರಿಗೂ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪಾಟಿಯನ್ನು ಪರಿಚಯಿಸಿ

ನೆಲದ ಮೇಲಿಡುವ ಪುಟ್ಟ ಪಾಟಿ ನನಗೆ ಹೆಚ್ಚು ಇಷ್ಟ. ಮಗು ತಾನೇ ಹೋಗಿ ಕೂರಬಹುದು, ಬೀಳುವ ಭಯವಿಲ್ಲ, ಪಾದ ನೆಲಕ್ಕೆ ತಾಗುತ್ತದೆ. ಕಮೋಡ್ ಮೇಲೆ ಇಡುವ ಸಣ್ಣ ಆಸನ ಬಳಸುವುದಾದರೆ ಕಾಲಡಿಗೆ ಸ್ಟೂಲ್ ಇರಲೇಬೇಕು. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಮೈಯೆಲ್ಲ ಬಿಗಿಯಾಗುತ್ತದೆ, ಮುಕ್ಕುವುದಕ್ಕೆ ಆಧಾರ ಸಿಗುವುದಿಲ್ಲ. ಮೊಣಕಾಲು ಸೊಂಟಕ್ಕಿಂತ ತುಸು ಮೇಲೆ, ಮೈ ತುಸು ಮುಂದಕ್ಕೆ ಬಾಗಿರುವುದು ಮಲ ಸಲೀಸಾಗಿ ಇಳಿಯುವ ಭಂಗಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿರುವ ಮನೆಗಳಲ್ಲಿ ಈ ಭಂಗಿ ತಾನಾಗಿ ಸಿಗುತ್ತದೆ, ಆದರೆ ಪುಟ್ಟ ಮಗು ತೂಕ ತಪ್ಪದಂತೆ ಕೈಹಿಡಿದುಕೊಳ್ಳಬೇಕು. ಗಂಡುಮಕ್ಕಳಿಗೂ ಮೊದಲು ಕೂತೇ ಕಲಿಸಿ, ನಿಂತು ಮಾಡುವುದು ಆಮೇಲಾಗಲಿ.

ಮೊದಲ ಕೆಲವು ದಿನ ಪಾಟಿ ಬರೀ ಒಂದು ಕುರ್ಚಿ. ಬಟ್ಟೆ ಹಾಕಿಕೊಂಡೇ ಕೂರಲಿ, ಗೊಂಬೆಯನ್ನು ಕೂರಿಸಲಿ. ಡಯಾಪರ್‌ನಲ್ಲಿ ಆದ ಕಕ್ಕವನ್ನು ಮಗುವಿನ ಎದುರೇ ಪಾಟಿಗೆ ಹಾಕಿ "ಇದರ ಜಾಗ ಇಲ್ಲಿ" ಎಂದು ತೋರಿಸಿ. ಗುಂಡಿ, ಬೆಲ್ಟ್, ಬಿಗಿಯಾದ ಪ್ಯಾಂಟ್ ಎಲ್ಲ ಬದಿಗಿಡಿ. ಸಡಿಲ ಇಲಾಸ್ಟಿಕ್‌ನ ಚಡ್ಡಿ ಸಾಕು. ಆ ಅರ್ಧ ನಿಮಿಷವನ್ನು ಗುಂಡಿ ಬಿಚ್ಚುವುದರಲ್ಲಿ ಕಳೆಯಬಾರದು.

ಐದನೆಯ ಹೆಜ್ಜೆ: ಐದು ದಿನದ ಪರೀಕ್ಷೆ

ಹಗಲಿನ ಡಯಾಪರ್ ತೆಗೆಯಿರಿ. ಎದ್ದ ಕೂಡಲೇ, ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ, ಸ್ನಾನದ ಮುಂಚೆ, ಮಲಗುವ ಮುಂಚೆ ಕೂರಲು ಕರೆಯಿರಿ. "ಸುಸು ಬಂತೇ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳಬೇಡಿ, ಉತ್ತರ ಯಾವಾಗಲೂ "ಇಲ್ಲ" ಎಂದೇ ಬರುತ್ತದೆ, ಜೊತೆಗೆ ಮಗುವಿನ ಗಮನ ತನ್ನ ಮೈಯಿಂದ ನಿಮ್ಮ ದನಿಯ ಕಡೆಗೆ ಹೋಗುತ್ತದೆ. "ಈಗ ಪಾಟಿಯ ಹೊತ್ತು" ಎಂದು ಹೇಳಿ ಕೈಹಿಡಿದು ಹೋಗಿ. ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಏಳುತ್ತೇನೆ ಎಂದರೆ ಏಳಲಿ.

ಬಿದ್ದರೆ ಸಂತೋಷಪಡಿ, ಮಗು ಮಾಡಿದ್ದು ಏನು ಎಂದು ಹೆಸರಿಸಿ ಹೊಗಳಿ: "ಬರುತ್ತಿದೆ ಎಂದು ನಿನಗೇ ಗೊತ್ತಾಯಿತು, ಓಡಿ ಬಂದೆ." ಚಡ್ಡಿಯಲ್ಲಿ ಆದರೆ "ಒದ್ದೆಯಾಯಿತು, ಬದಲಾಯಿಸೋಣ, ಮುಂದಿನ ಸಲ ಪಾಟಿಯಲ್ಲಿ" ಎಂದು ಸಾಧಾರಣ ದನಿಯಲ್ಲಿ ಹೇಳಿ ಮುಗಿಸಿ. ನಾಚಿಕೆ ಹುಟ್ಟಿಸುವ ಒಂದು ಮಾತೂ ಬೇಡ, ಬೇರೆ ಮಗುವಿನ ಹೋಲಿಕೆಯೂ ಬೇಡ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ ತೊಳೆಯಿರಿ. ಮಲದ ಸೂಕ್ಷ್ಮಾಣುಗಳು ಮೂತ್ರದ್ವಾರ ಸೇರಿದರೆ ಸೋಂಕಾಗುತ್ತದೆ. ಕೈ ತೊಳೆಯುವುದನ್ನು ಮೊದಲ ದಿನದಿಂದಲೇ ಸರಪಳಿಗೆ ಸೇರಿಸಿ.

ಐದು ದಿನದ ಕೊನೆಗೆ ಎಷ್ಟು ಸಲ ಚಡ್ಡಿ ಒದ್ದೆಯಾಯಿತು ಎಂದು ಎಣಿಸುವ ಬದಲು ದಿಕ್ಕು ನೋಡಿ. ಒದ್ದೆಯಾಗುವ ಮೊದಲು ಮಗು ಒಮ್ಮೆಯಾದರೂ ನಿಂತಿತೇ? ಸ್ವಲ್ಪ ಸೋರಿದ ಕೂಡಲೇ ತಡೆದು ನಿಮ್ಮ ಕಡೆ ನೋಡಿತೇ? ಒಮ್ಮೆಯಾದರೂ ತಾನೇ ಪಾಟಿಯ ಕಡೆ ನಡೆಯಿತೇ? ಇಷ್ಟು ಕಂಡರೆ ಮುಂದುವರಿಯಿರಿ. ಪೂರ್ತಿ ಹಿಡಿತಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳುಗಳೇ ಬೇಕಾಗಬಹುದು. ನನ್ನ ಮಗ ನಾಲ್ಕನೆಯ ದಿನ ಕಟ್ಟುತ್ತಿದ್ದ ಗೋಪುರವನ್ನು ಬಿಟ್ಟು ಎದ್ದು ನಿಂತ. ಎರಡು ಕಾಲೂ ಸೇರಿಸಿಕೊಂಡು ನನ್ನನ್ನು ನೋಡಿ "ಅಮ್ಮಾ, ಸುಸು" ಎಂದ. ಪಾಟಿ ತಲುಪುವಷ್ಟರಲ್ಲಿ ಅರ್ಧ ಸೋರಿಯೇ ಹೋಗಿತ್ತು. ಅವತ್ತು ನನಗೆ ಎಲ್ಲ ಸರಿಯಾಯಿತು ಎನಿಸಿತು, ಏಕೆಂದರೆ ಅವನು ಮೊದಲು ಹೇಳಿದ್ದ.

ಇವೇನೂ ಕಾಣದೆ, ಮಗು ಪಾಟಿ ಕಂಡರೆ ಅಳುತ್ತಿದ್ದರೆ, ಮೈ ಸೆಟೆಸುತ್ತಿದ್ದರೆ, ಮೂತ್ರವನ್ನೋ ಮಲವನ್ನೋ ಬಿಗಿ ಹಿಡಿಯುತ್ತಿದ್ದರೆ ಅಂದೇ ನಿಲ್ಲಿಸಿ. ಡಯಾಪರ್‌ಗೆ ಮರಳುವುದನ್ನು ಶಿಕ್ಷೆಯ ಹಾಗೆ ಹೇಳಬೇಡಿ. "ಸ್ವಲ್ಪ ದಿನ ಡಯಾಪರ್ ಹಾಕಿಕೊಳ್ಳೋಣ, ಆಮೇಲೆ ಮತ್ತೆ ನೋಡೋಣ" ಎಂದರೆ ಸಾಕು. ಒಂದರಿಂದ ಮೂರು ತಿಂಗಳು ಬಿಟ್ಟು ಮತ್ತೆ ವಾರದ ಹಾಳೆಯಿಂದ ಶುರು ಮಾಡಿ.

ಮಲದ ವಿಷಯ ಬೇರೆಯೇ

ಸುಸುವನ್ನು ಪಾಟಿಯಲ್ಲಿ ಮಾಡುವ ಮಗು ಕಕ್ಕಕ್ಕೆ ಮಾತ್ರ ಡಯಾಪರ್ ಕೇಳುವುದುಂಟು. ಸುಮಾರು ಐದರಲ್ಲಿ ಒಂದು ಮಗು ಈ ಹಂತ ಹಾಯುತ್ತದೆ. ಇದನ್ನು ಹಟ ಎಂದು ಓದಿದರೆ ನನ್ನ ಹಾಗೆ ಪಶ್ಚಾತ್ತಾಪಪಡಬೇಕಾಗುತ್ತದೆ. ಹೆಚ್ಚಾಗಿ ಇದರ ಹಿಂದೆ ನೋವಿನ ನೆನಪಿರುತ್ತದೆ. ಒಮ್ಮೆ ಮಲ ಗಟ್ಟಿಯಾಗಿ ನೋವಾಯಿತು ಎಂದುಕೊಳ್ಳಿ. ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ದೊಡ್ಡಕರುಳು ನೀರನ್ನು ಹೀರುತ್ತದೆ, ಮಲ ಇನ್ನೂ ಗಟ್ಟಿಯೂ ದಪ್ಪವೂ ಆಗುತ್ತದೆ, ಇನ್ನೂ ನೋಯುತ್ತದೆ. ದಿನಗಟ್ಟಲೆ ಹೀಗೆ ತುಂಬಿಕೊಂಡರೆ ಕರುಳು ಹಿಗ್ಗಿ ಸೂಚನೆಯೇ ಮಸುಕಾಗುತ್ತದೆ, ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ಚಡ್ಡಿಗೆ ಸೋರುತ್ತದೆ. ಅದನ್ನು ಭೇದಿ ಎಂದೋ ಸೋಮಾರಿತನ ಎಂದೋ ತಪ್ಪು ತಿಳಿಯುವವರಿದ್ದಾರೆ. ತುಂಬಿದ ಕರುಳು ಮೂತ್ರಕೋಶವನ್ನೂ ಒತ್ತುತ್ತದೆ, ಹಾಗಾಗಿ ಮೂತ್ರದ ಹಿಡಿತವೂ ಕೆಡುತ್ತದೆ.

ಕಾಲು ಕತ್ತರಿ ಮಾಡಿ ನಿಲ್ಲುವುದು, ತುದಿಗಾಲಲ್ಲಿ ನಡೆಯುವುದು, ಪೃಷ್ಠ ಬಿಗಿಹಿಡಿದು ಗೋಡೆಗೆ ಒರಗುವುದು ಮುಕ್ಕುವ ಪ್ರಯತ್ನದಂತೆ ಕಾಣುತ್ತವೆ. ನಿಜದಲ್ಲಿ ಅವು ತಡೆಯುವ ಪ್ರಯತ್ನ. ಮಲ ಗಟ್ಟಿಯಾಗಿರುವವರೆಗೆ ತರಬೇತಿಯ ಮಾತೇ ಬೇಡ. ನೀರು, ಹಣ್ಣು, ತರಕಾರಿ, ನಾರಿನಂಶ ಹೆಚ್ಚಿಸಿ. ಅಷ್ಟರಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಮಲ ಮೆತ್ತಗಾಗಿಸುವ ಔಷಧಿ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ, ಎರಡು ದಿನ ಸಲೀಸಾಯಿತು ಎಂದು ನಡುವೆ ನಿಲ್ಲಿಸಬೇಡಿ. ಭಯ ಹೋಗುವವರೆಗೆ ಡಯಾಪರ್ ಕೇಳಿದರೆ ಕೊಡಿ. ಆಮೇಲೆ ಡಯಾಪರ್ ಹಾಕಿಕೊಂಡೇ ಬಚ್ಚಲಲ್ಲಿ ನಿಂತು ಮಾಡಲಿ, ಮುಂದೆ ಡಯಾಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂರಲಿ, ಕೊನೆಗೆ ಡಯಾಪರ್ ಬಿಚ್ಚಿ ಪಾಟಿಯೊಳಗೆ ಹಾಸಿ. ಒಂದೊಂದು ಹಂತಕ್ಕೂ ಬೇಕಾದಷ್ಟು ದಿನ ಹಿಡಿಯಲಿ.

ವೈದ್ಯರನ್ನು ಯಾವಾಗ ಕಾಣಬೇಕು

ಮೂತ್ರ ಮಾಡುವಾಗ ಉರಿ ಅಥವಾ ಅಳು, ಜ್ವರ, ಮೂತ್ರದಲ್ಲೋ ಮಲದಲ್ಲೋ ರಕ್ತ, ಸದಾ ತೊಟ್ಟಿಕ್ಕುವ ಮೂತ್ರ, ತೀರ ತೆಳುವಾದ ಧಾರೆ ಇವು ಕಂಡರೆ ಕಾಯಬೇಡಿ. ತಿಂಗಳುಗಟ್ಟಲೆ ಒಣಗಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳತೊಡಗಿ, ಜೊತೆಗೆ ವಿಪರೀತ ಬಾಯಾರಿಕೆಯೂ ತೂಕ ಇಳಿಯುವುದೂ ಇದ್ದರೆ ಅಂದೇ ತೋರಿಸಿ, ಅದು ಮಧುಮೇಹದ ಸೂಚನೆಯಾಗಿರಬಹುದು. 4 ವರ್ಷವಾದರೂ ಹಗಲಿನ ಹಿಡಿತ ಬಾರದಿದ್ದರೆ ಒಮ್ಮೆ ಸಲಹೆ ಕೇಳಿ. ಬೆಳವಣಿಗೆ ನಿಧಾನವಿರುವ ಅಥವಾ ಆಟಿಸಂ ಇರುವ ಮಕ್ಕಳಲ್ಲಿ ಮೇಲೆ ಹೇಳಿದ ಗುರುತುಗಳು ಬೇರೆ ರೂಪದಲ್ಲಿ, ಬೇರೆ ಕ್ರಮದಲ್ಲಿ ಬರಬಹುದು. ಅವರಿಗೆ ಮಾತಿಗಿಂತ ಚಿತ್ರಗಳ ಸಾಲು ಹೆಚ್ಚು ನೆರವಾಗುತ್ತದೆ. ಅವರ ಚಿಕಿತ್ಸಕರ ಜೊತೆ ಕೂತು ಯೋಜನೆ ಮಾಡಿಕೊಳ್ಳಿ.

ರಾತ್ರಿಯನ್ನು ರಾತ್ರಿಗೇ ಬಿಡಿ

ಹಗಲಿನ ಹಿಡಿತ ಕಲಿಕೆಯಿಂದ ಬರುತ್ತದೆ, ರಾತ್ರಿಯದು ಹೆಚ್ಚಿನಂಶ ಬೆಳವಣಿಗೆಯಿಂದ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನಿನ ಏರಿಳಿತ ಹೊಂದಿಕೊಳ್ಳಬೇಕು, ತುಂಬಿದ ಮೂತ್ರಕೋಶ ಮಗುವನ್ನು ಎಬ್ಬಿಸುವಂತಾಗಬೇಕು. 5 ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ, ಅದಕ್ಕಿಂತ ಮುಂಚೆ ಅದನ್ನು ತೊಂದರೆ ಎಂದು ಎಣಿಸುವುದೇ ಇಲ್ಲ. ಹಾಗಾಗಿ ಹಗಲಿನ ಗೆಲುವಿನ ಹುರುಪಿನಲ್ಲಿ ರಾತ್ರಿಯ ಡಯಾಪರನ್ನೂ ಕಿತ್ತೆಸೆಯಬೇಡಿ. ಮಲಗುವ ಮುಂಚೆ ಒಮ್ಮೆ ಪಾಟಿ, ಆಮೇಲೆ ಡಯಾಪರ್, ನಿಶ್ಚಿಂತೆಯ ನಿದ್ದೆ. ಬೆಳಿಗ್ಗೆ ಬಿಚ್ಚುವಾಗ ಮುಟ್ಟಿ ನೋಡುತ್ತಿರಿ. ಸತತ ಹತ್ತು ಹದಿನೈದು ಬೆಳಿಗ್ಗೆ ಅದು ಒಣಗಿಯೇ ಇದ್ದರೆ, ಹಾಸಿಗೆಯ ಮೇಲೆ ನೀರು ಹೀರದ ಹಾಳೆಯೊಂದನ್ನು ಹಾಸಿ, ಬಾಗಿಲ ಬಳಿ ಮಂದ ಬೆಳಕಿನ ದೀಪ ಹಚ್ಚಿಟ್ಟು, ಇವತ್ತು ಚಡ್ಡಿಯಲ್ಲೇ ಮಲಗುತ್ತೀಯಾ ಎಂದು ಮಗುವನ್ನೇ ಕೇಳಿ.